ಡೆಸ್ಕ್ ಕೊಟ್ಟ ಕಂಪನಿಯ ಜನರೇಟರ್ ಬಗ್ಗೆ ದೂರು ಕೊಡಬಹುದಾ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಹಿಂದಿನ ಕಾಂಪೌಂಡಿನ ಆಚೆ, ಖಾಸಗಿ ಜಮೀನಿನಲ್ಲಿ ಮೊಬೈಲ್ ಟವರ್ ಇದೆ. ಕರೆಂಟ್ ಹೋದ ತಕ್ಷಣ ಅಲ್ಲಿನ ಜನರೇಟರ್ ಶುರುವಾಗುತ್ತದೆ. ಐದನೇ ತರಗತಿಯ ಕಿಟಕಿಗೆ ನೇರವಾಗಿ ಹೊಗೆ ಬರುತ್ತದೆ. ಪಾಠ ಕೇಳಿಸುವುದಿಲ್ಲ. ಎರಡು ವರ್ಷದ ಹಿಂದೆ ಅದೇ ಟವರ್ ಕಂಪನಿಯವರು ಸಿಎಸ್‌ಆರ್‌ನಲ್ಲಿ, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣದಲ್ಲಿ, ನಮಗೆ 20 ಡೆಸ್ಕ್ ಕೊಟ್ಟಿದ್ದಾರೆ. ಜನರೇಟರ್ ವಿಷಯ ಹೇಳಿದಾಗ ಅವರ ಕಡೆಯವರು ‘ಈ ವರ್ಷದ ಸಿಎಸ್‌ಆರ್ ಬಜೆಟ್ ಮುಗಿದಿದೆ, ಮುಂದಿನ ವರ್ಷ ನೋಡೋಣ’ ಅಂದರು. ಊರಿನ ಹಿರಿಯರು ‘ಡೆಸ್ಕ್ ಕೊಟ್ಟವರ ಮೇಲೆ ದೂರು ಬರೆಯೋದು ಉಂಡ ಮನೆ ಜಂತೆ ಎಣಿಸಿದ ಹಾಗೆ’ ಅನ್ನುತ್ತಾರೆ. ಕಂಪನಿಯ ವೆಬ್‌ಸೈಟಿನಲ್ಲಿ ಹಸಿರು ಟವರ್, ಸುಸ್ಥಿರತೆ ಅಂತೆಲ್ಲ ಬರೆದಿದ್ದಾರೆ. ನಮಗೆ ಟವರ್ ಬೇಕು, ಸಿಗ್ನಲ್ಲೂ ಬೇಕು. ಏನು ಮಾಡಬೇಕು?
– ಒಬ್ಬ ಶಿಕ್ಷಕರು, ಮಂಡ್ಯ ಜಿಲ್ಲೆ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿ ಎರಡು ದಿನ ಆಯಿತು. ಹಿರಿಯರ ಆ ಮಾತು ಇನ್ನೂ ತಲೆಯಲ್ಲಿ ಕೂತಿದೆ. ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ. ಅದು ಬಗೆಹರಿಯದೆ ನೀವು ಪತ್ರಕ್ಕೆ ಸಹಿ ಕೇಳೋಕೆ ಹೋದರೆ ಯಾರೂ ಪೆನ್ ಹಿಡಿಯುವುದಿಲ್ಲ.

ಡೆಸ್ಕ್ ಕೊಟ್ಟಿದ್ದು ಒಳ್ಳೆಯದೇ. ಮಕ್ಕಳು ನೆಲದ ಮೇಲೆ ಕೂರೋದು ತಪ್ಪಿತು. ಆದರೆ ಅದಕ್ಕಾಗಿ ಊರು ಬಾಯಿ ಮುಚ್ಚಿಕೊಂಡಿರಬೇಕಾಗಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮು ನೋಡಿ. ನಿವ್ವಳ ಆಸ್ತಿ 500 ಕೋಟಿ ರೂ., ಇಲ್ಲವೇ ವಹಿವಾಟು 1,000 ಕೋಟಿ ರೂ., ಇಲ್ಲವೇ ನಿವ್ವಳ ಲಾಭ 5 ಕೋಟಿ ರೂ. ಮುಟ್ಟಿದ ಕಂಪನಿಗೆ ಇದು ಅನ್ವಯ. ಅಂಥ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಕಂಪನಿ ಕೆಲಸ ಮಾಡುವ ಊರಿಗೆ, ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಅದೇ ಕಲಮು ಹೇಳುತ್ತದೆ. ಅಂದರೆ ನಿಮ್ಮ ಶಾಲೆಗೆ ಬಂದ ಡೆಸ್ಕು ಕಾನೂನಿನ ದಾರಿಯಲ್ಲೇ ಬಂದದ್ದು. ಕೊಟ್ಟವರಿಗೆ ಧನ್ಯವಾದ ಹೇಳಿ. ಅದು ಅಲ್ಲಿಗೆ ಮುಗಿಯಿತು.

ಹಿರಿಯರಿಗೆ ಅವರ ಮಾತಿನಲ್ಲೇ ಹೇಳಿ. ಪಕ್ಕದ ಗದ್ದೆಯವರು ನಿಮ್ಮ ಮಗಳ ಮದುವೆಗೆ ಮುಯ್ಯಿ ಮಾಡಿರುತ್ತಾರೆ. ಸಂತೋಷ. ಹಾಗಂತ ಅವರು ರಾತ್ರಿ ಕಾಲುವೆ ನೀರು ತಿರುಗಿಸಿಕೊಂಡು ನಿಮ್ಮ ಪೈರು ಒಣಗಿಸಿದರೆ ಸುಮ್ನಿರ್ತೀರಾ? ಮುಯ್ಯಿ ಲೆಕ್ಕ ಬೇರೆ, ನೀರಿನ ಲೆಕ್ಕ ಬೇರೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಯಾರೂ ಬರೆಯುವುದಿಲ್ಲ.

ಕಂಪನಿ ಕಡೆಯವರು ಕೊಟ್ಟ ಉತ್ತರದಲ್ಲಿ ತಪ್ಪಿರುವುದೂ ಇಲ್ಲೇ. ‘ಸಿಎಸ್‌ಆರ್ ಬಜೆಟ್ ಮುಗಿದಿದೆ’ ಅನ್ನೋದು ಜನರೇಟರ್ ಪ್ರಶ್ನೆಗೆ ಉತ್ತರವೇ ಅಲ್ಲ. ಕಂಪನಿಯ ದಿನನಿತ್ಯದ ವ್ಯವಹಾರಕ್ಕೆ ಮಾಡುವ ಖರ್ಚನ್ನು ಸಿಎಸ್‌ಆರ್ ಅಂತ ತೋರಿಸುವ ಹಾಗಿಲ್ಲ. ಸಿಎಸ್‌ಆರ್ ನಿಯಮದಲ್ಲೇ ಅದನ್ನು ಹೊರಗಿಟ್ಟಿದ್ದಾರೆ. ಟವರ್ ನಡೆಸೋದು ಅವರ ವ್ಯಾಪಾರ. ಅದರ ಹೊಗೆ ಕೊಳವೆ ಸರಿ ಮಾಡೋದು, ಬ್ಯಾಟರಿ ಬದಲಾಯಿಸೋದು, ಶಬ್ದ ತಡೆಯೋದು ಆ ವ್ಯಾಪಾರದ ಖರ್ಚು. ಬಜೆಟ್ ತುಂಬಿ ತುಳುಕುತ್ತಿದ್ದರೂ ಸಿಎಸ್‌ಆರ್ ದುಡ್ಡಿನಲ್ಲಿ ಅದನ್ನು ಮಾಡಿಸಬಾರದು. ಕಂಪನಿ ನಷ್ಟದಲ್ಲಿದೆ, ಸರಾಸರಿ ಲಾಭವೇ ಇಲ್ಲ ಅಂದುಕೊಳ್ಳಿ. ಆಗ ಶೇ 2ರ ಬಾಧ್ಯತೆ ಇರುವುದಿಲ್ಲ, ಡೆಸ್ಕ್ ಬರುವುದಿಲ್ಲ. ಜನರೇಟರ್ ಹೊಗೆ ಮಾತ್ರ ಆಗಲೂ ಅವರದೇ. ನನ್ನ ಮಟ್ಟಿಗೆ ಕಂಪನಿಯ ಜವಾಬ್ದಾರಿ ಅಂದರೆ ಮೊದಲು ಇದು. ಲಾಭ ಬಂದ ಮೇಲೆ ಏನು ಕೊಟ್ಟರು ಅನ್ನೋದು ಆಮೇಲಿನ ಮಾತು. ಆ ಲಾಭ ಬರುವಾಗ ಪಕ್ಕದವರಿಗೆ ಏನಾಯಿತು ಅಂತ ಮೊದಲು ನೋಡಬೇಕು.

ಇನ್ನು ಜನರೇಟರ್‌ಗೆ ಬರೋಣ. ಮೈಸೂರು, ಮಂಡ್ಯ ಭಾಗದಲ್ಲಿ ಟವರ್‌ಗಳ ಪವರ್ ಕೆಲಸ ನೋಡಿಕೊಂಡು ಬಹಳ ವರ್ಷ ಕಳೆದವನು ನಾನು. ನಿಮ್ಮ ಪತ್ರದ ಒಂದು ಪದ ನನಗೆ ತುಂಬಾ ಹೇಳಿತು. ‘ಕರೆಂಟ್ ಹೋದ ತಕ್ಷಣ’ ಅಂತ ಬರೆದಿದ್ದೀರಿ. ಆ ‘ತಕ್ಷಣ’ ಇರಬಾರದು.

ಯಾಕೆ ಅಂತ ಹೇಳುತ್ತೇನೆ. ಟವರ್ ಕೆಳಗೆ ಒಂದು ಕ್ಯಾಬಿನೆಟ್ ಇರುತ್ತದೆ. ಅದರಲ್ಲಿ 48 ವೋಲ್ಟಿನ ಬ್ಯಾಟರಿ ಸೆಟ್ ಇರುತ್ತದೆ. ಹಳೆಯದಾದರೆ 2 ವೋಲ್ಟಿನ 24 ಸೆಲ್ ಸಾಲಾಗಿ ಜೋಡಿಸಿರುತ್ತಾರೆ, ಸೀಸದ ಬ್ಯಾಟರಿ. ಹೊಸದಾದರೆ ಲಿಥಿಯಂ. ಕರೆಂಟ್ ಹೋದಾಗ ಮೊದಲು ಲೋಡ್ ಹೊರಬೇಕಾದ್ದು ಈ ಬ್ಯಾಟರಿ. ಅದು ಒಂದು ಮಟ್ಟಕ್ಕೆ ಇಳಿದ ಮೇಲೆ ಜನರೇಟರ್ ಶುರುವಾಗಬೇಕು. ಲೆಕ್ಕ ಹಾಕೋಣ. 600 ಆಂಪಿಯರ್ ಅವರ್ ಸೆಟ್ ಅಂದರೆ 48 ಗುಣಿಸು 600, 28,800 ವ್ಯಾಟ್ ಅವರ್, ಅಂದರೆ ಸುಮಾರು 29 ಯೂನಿಟ್. ಬ್ಯಾಟರಿ ಬಾಳಿಕೆ ಬರಲಿ ಅಂತ ಅರ್ಧ ಮಾತ್ರ ಬಳಸೋಣ. 14 ಯೂನಿಟ್ ಸಿಕ್ಕಿತು. ಟವರ್ ಲೋಡ್ 2 ಕಿಲೋವ್ಯಾಟ್ ಅಂತ ಹಿಡಿದರೆ ಏಳು ಗಂಟೆ. ನಿಮ್ಮ ಶಾಲೆ ಬೆಳಿಗ್ಗೆ 10ರಿಂದ ಸಂಜೆ 4.30ರವರೆಗೆ ನಡೆಯುತ್ತದೆ ಅಂದರೆ ಆರೂವರೆ ಗಂಟೆ. ಇಡೀ ದಿನ ಕರೆಂಟ್ ಇಲ್ಲದಿದ್ದರೂ, ಗಟ್ಟಿಮುಟ್ಟಾದ ಒಂದು ಬ್ಯಾಟರಿ ಸೆಟ್ ಇದ್ದರೆ ಮಕ್ಕಳು ಮನೆಗೆ ಹೋಗುವ ತನಕ ಜನರೇಟರ್ ಸದ್ದೇ ಕೇಳಬೇಕಾಗಿಲ್ಲ. ಮೂರು ನಾಲ್ಕು ಆಪರೇಟರ್‌ಗಳು ಒಂದೇ ಟವರಿನಲ್ಲಿದ್ದರೆ ಲೋಡ್ ಜಾಸ್ತಿ, ಬ್ಯಾಟರಿಯೂ ದೊಡ್ಡದು ಬೇಕು. ಲೆಕ್ಕದ ರೀತಿ ಅದೇ.

ಹಾಗಾಗಿ ನನ್ನ ಮೊದಲ ಅನುಮಾನ ಬ್ಯಾಟರಿ ಸತ್ತಿದೆ ಅಂತ. ಸೀಸದ ಬ್ಯಾಟರಿಗೆ ಬಿಸಿಲು ಆಗಿಬರುವುದಿಲ್ಲ. 25 ಡಿಗ್ರಿಗಿಂತ ಎಂಟು ಹತ್ತು ಡಿಗ್ರಿ ಜಾಸ್ತಿ ಇದ್ದರೆ ಆಯುಸ್ಸು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಏಪ್ರಿಲ್ ತಿಂಗಳ ಬಿಸಿಲಲ್ಲಿ ತಗಡಿನ ಕ್ಯಾಬಿನೆಟ್ ಒಳಗೆ ಎಷ್ಟಿರುತ್ತದೆ, ನೀವೇ ಊಹಿಸಿ.

ಎರಡನೇ ಅನುಮಾನ ವೋಲ್ಟೇಜ್. ಇದನ್ನು ಹೇಳೋಕೆ ಒಂದು ಹಳೆಯ ಕತೆ ಹೇಳಬೇಕು. ಮಳವಳ್ಳಿ ಕಡೆ ಒಂದು ಟವರ್. ಡೀಸೆಲ್ ಖರ್ಚು ಅತಿಯಾಗಿದೆ ಅಂತ ನನ್ನನ್ನು ಕಳಿಸಿದ್ದರು. ಹೋದಾಗ ಸಂಜೆ ಐದೂವರೆ. ಜನರೇಟರ್ ಓಡುತ್ತಿತ್ತು. ಪಕ್ಕದ ಮನೆಯಲ್ಲಿ ಬಲ್ಬ್ ಉರಿಯುತ್ತಿತ್ತು! ಕರೆಂಟ್ ಇದೆ, ಆದರೂ ಜನರೇಟರ್ ಓಡುತ್ತಿದೆ. ಜನರೇಟರ್ ಪೆಟ್ಟಿಗೆಯ ಬಾಗಿಲು ಹಾರುಹೊಡೆದಿತ್ತು, ಮುಚ್ಚದಿರಲಿ ಅಂತ ಬೈಂಡಿಂಗ್ ವೈರಿನಲ್ಲಿ ಬೇಲಿಗೆ ಕಟ್ಟಿದ್ದರು. ಮುಚ್ಚಿದರೆ ಒಳಗೆ ಕಾವು ಏರಿ ಎಂಜಿನ್ ನಿಂತುಹೋಗುತ್ತದಂತೆ, ಅದಕ್ಕೆ. ಡೀಸೆಲ್ ಹಾಕೋ ಹುಡುಗ ಕ್ಯಾನ್ ಪಕ್ಕದಲ್ಲಿ ಕೂತಿದ್ದ. ‘ಸಂಜೆ ಆದ್ರೆ ಡಿಮ್ಮು ಸಾ, ಅದ್ಕೇ ಓಡ್ತದೆ’ ಅಂದ. ಮೀಟರ್ ಇಟ್ಟು ನೋಡಿದರೆ 160 ವೋಲ್ಟ್ ಕೂಡ ಇರಲಿಲ್ಲ. ಸುತ್ತಲಿನ ಐಪಿ ಸೆಟ್‌ಗಳ (ನೀರಾವರಿ ಪಂಪ್‌ಗಳ) ಜೊತೆಗೇ ಟವರನ್ನೂ ಒಂದೇ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರ್‌ಗೆ, ಸೇರಿಸಿದ್ದರು. ಮೋಟಾರ್‌ಗಳು ಶುರುವಾದ ಕೂಡಲೇ ವೋಲ್ಟೇಜ್ ಕುಸಿಯುತ್ತಿತ್ತು. ಟವರಿನ ಪ್ಯಾನೆಲ್ ‘ಈ ಕರೆಂಟ್ ಬೇಡ’ ಅಂತ ಕತ್ತರಿಸಿ ಜನರೇಟರ್ ಎಬ್ಬಿಸುತ್ತಿತ್ತು. ಕ್ಯಾಬಿನೆಟ್ ತೆಗೆದೆ. ಬ್ಯಾಟರಿ ಸೆಲ್‌ಗಳ ಹೊಟ್ಟೆ ಊದಿಕೊಂಡಿತ್ತು. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿತ್ತು.

ಆ ಜಾಗದಿಂದ ಸ್ವಲ್ಪ ದೂರದಲ್ಲೇ ಶಿವನಸಮುದ್ರ. 1902ರಲ್ಲೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದೆ. ಅಂಥ ತಾಲ್ಲೂಕಿನಲ್ಲಿ ಕರೆಂಟ್ ಸಾಲದು ಅಂತ ದಿನಕ್ಕೆ ಹತ್ತು ಗಂಟೆ ಡೀಸೆಲ್ ಸುಡುತ್ತಿದ್ದದ್ದು ನೋಡಿ ನನಗೆ ಹೊಟ್ಟೆ ಉರಿಯಿತು. ಬ್ಯಾಟರಿ ಬದಲಾಯಿಸಿ, ಊರಿನ ಲೈನಿನ ಬೇರೆ ಟಿಸಿಗೆ ಕನೆಕ್ಷನ್ ಮಾಡಿಸೋಕೆ ಮೂರು ತಿಂಗಳು ಓಡಾಡಿದೆ. ಆಮೇಲೆ ಜನರೇಟರ್ ದಿನಕ್ಕೆ ಒಂದು ಗಂಟೆ ಓಡಿದರೆ ಹೆಚ್ಚು. ದೊಡ್ಡ ತಂತ್ರಜ್ಞಾನ ಏನೂ ಬೇಕಾಗಲಿಲ್ಲ.

ಹಾಗಾದರೆ ಕಂಪನಿಗಳು ತಾವಾಗಿಯೇ ಯಾಕೆ ಮಾಡಲ್ಲ? ಡೀಸೆಲ್ ಅವರಿಗೂ ದುಬಾರಿ ಅಲ್ವಾ? ಖಂಡಿತ ದುಬಾರಿ. ಸಣ್ಣ ಜನರೇಟರ್ ಕಡಿಮೆ ಲೋಡಿನಲ್ಲಿ ಓಡಿದರೆ ಲೀಟರ್‌ಗೆ ಎರಡೂವರೆ ಯೂನಿಟ್ ಬಂದರೆ ದೊಡ್ಡದು. ಲೀಟರ್ 90 ರೂ. ಅಂತ ಹಿಡಿದರೂ ಯೂನಿಟ್‌ಗೆ 36 ರೂ. ಆಯಿತು. ನಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್ ಕೊಡುವ ಕರೆಂಟಿನ ದರ ಅದರ ಹತ್ತಿರಕ್ಕೂ ಬರುವುದಿಲ್ಲ. ಹೊಗೆ ಲೆಕ್ಕದಲ್ಲೂ ಅಷ್ಟೇ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.68 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅಂದರೆ ಯೂನಿಟ್‌ಗೆ 1 ಕೆ.ಜಿ.ಗಿಂತ ಜಾಸ್ತಿ. ಕಲ್ಲಿದ್ದಲು ಸೇರಿ ಬರುವ ನಮ್ಮ ದೇಶದ ಗ್ರಿಡ್ ಕರೆಂಟ್‌ಗೆ ಅದು ಸುಮಾರು 0.7 ಕೆ.ಜಿ.

ಅಡಚಣೆ ಇರೋದು ಒಪ್ಪಂದದಲ್ಲಿ. ನಿಮ್ಮ ಊರಿನ ಟವರ್, ಜನರೇಟರ್, ಬ್ಯಾಟರಿ ಎಲ್ಲ ಟವರ್ ಕಂಪನಿಯದು. ಮೇಲಿನ ಆಂಟೆನಾ ಮೊಬೈಲ್ ಕಂಪನಿಯದು, ಅವರು ಬಾಡಿಗೆದಾರರು. ಡೀಸೆಲ್ ತುಂಬಿಸುವವನು ಮೂರನೆಯವನು, ಗುತ್ತಿಗೆದಾರ. ಅನೇಕ ಒಪ್ಪಂದಗಳಲ್ಲಿ ಕರೆಂಟ್ ಮತ್ತು ಡೀಸೆಲ್ ಬಿಲ್ಲು ಬಾಡಿಗೆದಾರ ಮೊಬೈಲ್ ಕಂಪನಿಯ ತಲೆಗೆ ಹೋಗುತ್ತದೆ. ಬ್ಯಾಟರಿ ಕೊಳ್ಳುವ ದುಡ್ಡು ಮಾತ್ರ ಟವರ್ ಕಂಪನಿಯ ಜೇಬಿನಿಂದ ಹೋಗಬೇಕು. ಬ್ಯಾಟರಿ ಬದಲಾಯಿಸಿದರೆ ಉಳಿತಾಯ ಒಬ್ಬರಿಗೆ, ಖರ್ಚು ಇನ್ನೊಬ್ಬರಿಗೆ. ಯಾರಿಗೂ ಅವಸರ ಇರುವುದಿಲ್ಲ. ಇಂಧನಕ್ಕೆ ತಿಂಗಳಿಗೆ ಇಷ್ಟೇ ಅಂತ ಗೊತ್ತುಪಡಿಸಿದ ಒಪ್ಪಂದ ಇದ್ದ ಕಡೆ ಟವರ್ ಕಂಪನಿಯೇ ಓಡಿಬಂದು ಬ್ಯಾಟರಿ ಹಾಕಿಸಿದ್ದನ್ನು ನೋಡಿದ್ದೇನೆ. ಈ ಕ್ಷೇತ್ರದಲ್ಲಿ ಸುಸ್ಥಿರತೆ ಅನ್ನೋದು ಬಹುಪಾಲು ಈ ಒಪ್ಪಂದದ ಪುಟಗಳಲ್ಲೇ ಅಡಗಿದೆ ಅಂತ ನನಗೆ ಅನಿಸುತ್ತದೆ.

ವೆಬ್‌ಸೈಟಿನ ಹಸಿರು ಮಾತನ್ನೂ ಹೀಗೆಯೇ ಓದಬೇಕು. ಕಂಪನಿಗಳು ಹೊಗೆಯನ್ನು ಮೂರು ಲೆಕ್ಕದಲ್ಲಿ ಬರೆಯುತ್ತವೆ. ತಾವೇ ಸುಟ್ಟ ಇಂಧನ ಸ್ಕೋಪ್ 1. ಕೊಂಡ ಕರೆಂಟ್ ಸ್ಕೋಪ್ 2. ತಮ್ಮ ಪರವಾಗಿ ಬೇರೆಯವರು ಮಾಡಿದ್ದು ಸ್ಕೋಪ್ 3. ನಿಮ್ಮ ಶಾಲೆ ಹಿಂದಿನ ಜನರೇಟರ್ ಟವರ್ ಕಂಪನಿಗೆ ಸ್ಕೋಪ್ 1 ಆದರೆ, ಅದೇ ಹೊಗೆ ಮೊಬೈಲ್ ಕಂಪನಿಯ ವರದಿಯಲ್ಲಿ ಸ್ಕೋಪ್ 3ಕ್ಕೆ ಸೇರಬಹುದು. ಹಾಗಾಗಿ ಮೊಬೈಲ್ ಕಂಪನಿ ‘ನಮ್ಮ ಡೀಸೆಲ್ ಕಡಿಮೆಯಾಯಿತು’ ಅಂದಾಗ, ಕಡಿಮೆಯಾಯಿತೋ ಅಥವಾ ಬೇರೆಯವರ ಪುಸ್ತಕಕ್ಕೆ ಹೋಯಿತೋ ಅಂತ ಕೇಳಬೇಕು. ನಿಮ್ಮ ಐದನೇ ತರಗತಿಗೆ ಸ್ಕೋಪ್ ಯಾವುದಾದರೇನು, ಕಿಟಕಿಯಿಂದ ಬರೋದು ಒಂದೇ ಹೊಗೆ.

ಸೋಲಾರ್ ಹಾಕಿಸಿ ಅಂತ ಕೇಳಬಹುದಾ? ಕೇಳಬಹುದು, ಲೆಕ್ಕ ತಿಳಿದು ಕೇಳಿ. ನಮ್ಮ ಕಡೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 2 ಕಿಲೋವ್ಯಾಟ್ ಲೋಡ್ ಹಗಲೂ ರಾತ್ರಿ ಇದ್ದರೆ ದಿನಕ್ಕೆ 48 ಯೂನಿಟ್ ಬೇಕು. ಪೂರ್ತಿ ಸೋಲಾರಿನಲ್ಲೇ ಅಂದರೆ 12 ಕಿಲೋವ್ಯಾಟ್ ಪ್ಯಾನೆಲ್, ಒಂದು ಗುಂಟೆಗಿಂತ ಸ್ವಲ್ಪ ಜಾಸ್ತಿ ಜಾಗ. ಟವರಿನ ಬೇಲಿಯೊಳಗೆ ಅಷ್ಟು ನೆರಳಿಲ್ಲದ ಜಾಗ ಸಿಗೋದು ಕಷ್ಟ. ಆದರೆ 4 ಕಿಲೋವ್ಯಾಟ್ ಹಾಕಿದರೂ ಮೂರರಲ್ಲಿ ಒಂದು ಪಾಲು ಬಂತು, ಅದೂ ಹಗಲು ಹೊತ್ತಿನಲ್ಲಿ, ಶಾಲೆ ನಡೆಯುವಾಗ. 2012ರ ಜನವರಿಯಲ್ಲೇ ಕೇಂದ್ರದ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು. ಗ್ರಿಡ್ ಜೊತೆ ಸೋಲಾರ್‌ನಂಥ ಮೂಲ ಸೇರಿಸಿ ನಡೆಯುವ ಟವರ್‌ಗಳು ಹಳ್ಳಿಗಳಲ್ಲಿ 2015ಕ್ಕೆ ಶೇ 50, 2020ಕ್ಕೆ ಶೇ 75 ಆಗಬೇಕು ಅಂತ. ನಗರಗಳಿಗೆ ಶೇ 20 ಮತ್ತು ಶೇ 33. ಲೈಸೆನ್ಸ್ ಕೊಡುವ ಇಲಾಖೆಯೇ ಆಡಿದ ಮಾತು ಇದು. ನಿಮ್ಮ ಕೋರಿಕೆ ಹೊಸದೇನಲ್ಲ.

ಶಬ್ದದ ವಿಷಯಕ್ಕೆ ಬಂದರೆ, 2005ರ ಜನವರಿ 1ರ ನಂತರ ತಯಾರಾದ, 1000 ಕೆವಿಎ (ಜನರೇಟರ್ ಸಾಮರ್ಥ್ಯದ ಅಳತೆ) ವರೆಗಿನ ಡೀಸೆಲ್ ಜನರೇಟರ್‌ಗಳ ಸದ್ದು ಪೆಟ್ಟಿಗೆಯಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 1 ಮೀಟರಿಗೆ 75 ಇದ್ದದ್ದು 8 ಮೀಟರಿಗೆ 57, 32 ಮೀಟರಿಗೆ 45ರ ಹತ್ತಿರ. ಅಂದರೆ ಪೆಟ್ಟಿಗೆ ಸರಿ ಇದ್ದು, ಬಾಗಿಲು ಮುಚ್ಚಿದ್ದರೆ, ಮೂವತ್ತು ಮೀಟರ್ ದೂರದ ತರಗತಿಯಲ್ಲಿ ಪಾಠ ನಿಲ್ಲಿಸುವಷ್ಟು ಸದ್ದು ಬರಬಾರದು. ಬರುತ್ತಿದೆ ಅಂದರೆ ಬಾಗಿಲು ತೆಗೆದಿಟ್ಟಿದ್ದಾರೆ, ಇಲ್ಲ ರಬ್ಬರ್ ಪಟ್ಟಿ ಹೋಗಿದೆ, ಇಲ್ಲ ಸೈಲೆನ್ಸರ್ ಒಡೆದಿದೆ. ಕಾಂಪೌಂಡ್ ಈಚೆ ನಿಂತು ಒಂದು ಫೋಟೋ ತೆಗೆಯಿರಿ, ಬಾಗಿಲು ತೆರೆದಿದ್ದರೆ ಗೊತ್ತಾಗುತ್ತದೆ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್. ಶಾಲೆ, ಆಸ್ಪತ್ರೆ ಸುತ್ತ 100 ಮೀಟರನ್ನು ಶಾಂತ ವಲಯ ಅಂತ ಘೋಷಿಸಲು ಅವಕಾಶ ಇದೆ. ಹಾಗೆ ಘೋಷಿಸಿದ ಕಡೆ ಹಗಲಿನ ಮಿತಿ 50.

ಹೊಗೆ ಕೊಳವೆ ಇನ್ನೂ ಸುಲಭದ ಕೆಲಸ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರದ ಪ್ರಕಾರ, ಕೊಳವೆಯ ಬಾಯಿ ಜನರೇಟರ್ ಇರುವ ಕಟ್ಟಡದ ಎತ್ತರಕ್ಕಿಂತ ಮೇಲಿರಬೇಕು. ಎಷ್ಟು ಮೇಲೆ ಅಂದರೆ ಕೆವಿಎಯ ವರ್ಗಮೂಲವನ್ನು 0.2ರಿಂದ ಗುಣಿಸಿದಷ್ಟು ಮೀಟರ್. 16 ಕೆವಿಎ ಆದರೆ 0.8 ಮೀಟರ್. ನಿಮ್ಮಲ್ಲಿ ಜನರೇಟರ್ ಬಯಲಿನಲ್ಲಿದೆ, ಅದಕ್ಕೆ ಸ್ವಂತ ಕಟ್ಟಡ ಇಲ್ಲ. ಆದರೂ ಪಕ್ಕದ ಶಾಲೆಯ ಸೂರನ್ನು ಲೆಕ್ಕಕ್ಕೆ ಹಿಡಿದು ಕೊಳವೆ ಎತ್ತರಿಸಿ ಅಂತ ಕೇಳೋದು ನ್ಯಾಯವೇ. ಎತ್ತರಿಸಿದ ಕೊಳವೆಗೆ ಆಧಾರ ಕೊಟ್ಟು, ಬಾಯಿಯನ್ನು ಶಾಲೆಗೆ ಬೆನ್ನು ಮಾಡಿ ತಿರುಗಿಸೋದು ಒಬ್ಬ ವೆಲ್ಡರ್‌ಗೆ ಒಂದು ದಿನದ ಕೆಲಸ. ಬ್ಯಾಟರಿ ಬರುವವರೆಗೆ ಕಾಯಬೇಡಿ, ಇದನ್ನು ಈ ವಾರವೇ ಕೇಳಿ.

ನೀವು ರೇಡಿಯೇಷನ್ ಬಗ್ಗೆ ಕೇಳಿಲ್ಲ. ಆದರೆ ಸಭೆ ಕರೆದರೆ ಯಾರಾದರೂ ಒಬ್ಬರು ಎತ್ತೇ ಎತ್ತುತ್ತಾರೆ, ಮಾತು ಪೂರ್ತಿ ಆ ಕಡೆಗೆ ಹೋಗಿಬಿಡುತ್ತದೆ. ಅದಕ್ಕೆ ಹೇಳುತ್ತೇನೆ. 2012ರ ಸೆಪ್ಟೆಂಬರ್ 1ರಿಂದ ಭಾರತದಲ್ಲಿ ಟವರ್ ವಿಕಿರಣದ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದರು. 2017ರಲ್ಲಿ ಶುರುವಾದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಟವರಿನ ವಿವರ ನೋಡಬಹುದು, 4,000 ರೂ. ಕಟ್ಟಿದರೆ ಅಳತೆ ಮಾಡಿಸಲೂಬಹುದು. ಈಗ ಎರಡು ವರ್ಗೀಕರಣ ಪಕ್ಕಪಕ್ಕ ಇಟ್ಟು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೋ ತರಂಗಗಳನ್ನು 2ಬಿ ಗುಂಪಿಗೆ ಸೇರಿಸಿತು. ಅಂದರೆ ಕ್ಯಾನ್ಸರ್ ತಂದರೂ ತರಬಹುದು, ಪುರಾವೆ ಸೀಮಿತ. ಅದೇ ಸಂಸ್ಥೆ 2012ರಲ್ಲಿ ಡೀಸೆಲ್ ಎಂಜಿನ್ ಹೊಗೆಯನ್ನು 1ನೇ ಗುಂಪಿಗೆ ಸೇರಿಸಿತು. ಅಂದರೆ ಕ್ಯಾನ್ಸರ್ ತರುತ್ತದೆ, ಪುರಾವೆ ಸಾಕಷ್ಟಿದೆ. ನಮ್ಮ ಊರುಗಳಲ್ಲಿ ಜನ ಟವರಿನ ತುದಿ ನೋಡಿ ಹೆದರುತ್ತಾರೆ. ಬುಡದಲ್ಲಿರುವ ಜನರೇಟರ್ ಹೊಗೆಯಲ್ಲಿ ಮಕ್ಕಳು ಕೂತಿರುತ್ತಾರೆ. ನನಗೆ ಬಹಳ ಸಂಕಟ ಆಗುವ ವಿಷಯ ಇದು.

ಈಗ ಕೆಲಸದ ಮಾತು. ಒಂದು ನೋಟ್‌ಬುಕ್ ತಗೊಳ್ಳಿ. 15 ದಿನ ಬರೆಯಿರಿ: ಕರೆಂಟ್ ಎಷ್ಟು ಗಂಟೆಗೆ ಹೋಯಿತು, ಜನರೇಟರ್ ಎಷ್ಟು ಗಂಟೆಗೆ ಶುರುವಾಯಿತು, ಕರೆಂಟ್ ಎಷ್ಟಕ್ಕೆ ಬಂತು, ಜನರೇಟರ್ ಎಷ್ಟಕ್ಕೆ ನಿಂತಿತು. ಏಳನೇ ತರಗತಿ ಮಕ್ಕಳಿಗೆ ಗಡಿಯಾರ ನೋಡಿ ಬರೆಯುವ ವಿಜ್ಞಾನದ ಪ್ರಾಜೆಕ್ಟ್ ಮಾಡಿ ಬೇಕಾದರೆ, ತರಗತಿಯಲ್ಲೇ ಕೂತು. ಈ ನಾಲ್ಕು ಕಾಲಂ ಸಾಕು, ರೋಗ ಗೊತ್ತಾಗುತ್ತದೆ. ಕರೆಂಟ್ ಹೋದ ಒಂದೆರಡು ನಿಮಿಷಕ್ಕೇ ಶುರುವಾದರೆ ಬ್ಯಾಟರಿ ಸತ್ತಿದೆ, ಅಥವಾ ಜನರೇಟರ್ ಮೊದಲು ಓಡುವ ಹಾಗೆ ಸೆಟ್ ಮಾಡಿದ್ದಾರೆ. ಎರಡು ಮೂರು ಗಂಟೆ ತಡೆದು ಶುರುವಾದರೆ ಬ್ಯಾಟರಿಗೆ ಜೀವ ಇದೆ, ಸಾಲುತ್ತಿಲ್ಲ ಅಷ್ಟೇ. ಕರೆಂಟ್ ಇದ್ದಾಗಲೂ ಓಡಿದರೆ ವೋಲ್ಟೇಜ್ ತೊಂದರೆ. ಆಗ ಸೆಸ್ಕ್ ಸೆಕ್ಷನ್ ಆಫೀಸಿಗೂ ಒಂದು ಪತ್ರ ಹೋಗಬೇಕು.

ಟವರಿನ ಗೇಟಿನ ಮೇಲೆ ಸಾಮಾನ್ಯವಾಗಿ ಒಂದು ಬೋರ್ಡ್ ಇರುತ್ತದೆ. ಅದರಲ್ಲಿ ಕಂಪನಿ ಹೆಸರು, ಸೈಟ್ ಐಡಿ, ಫೋನ್ ನಂಬರ್ ಇರುತ್ತವೆ. ಸೈಟ್ ಐಡಿ ಬರೆದುಕೊಳ್ಳಿ. ಅದಿಲ್ಲದ ದೂರು ಅವರ ಕಂಪ್ಯೂಟರಿನಲ್ಲಿ ಎಲ್ಲೂ ಕೂರುವುದಿಲ್ಲ. ಬೋರ್ಡ್ ಇಲ್ಲದಿದ್ದರೆ ಜಮೀನಿನ ಮಾಲೀಕರ ಹತ್ತಿರ ಬಾಡಿಗೆ ಕರಾರು ಇರುತ್ತದೆ, ಅದರಲ್ಲಿ ಸಿಗುತ್ತದೆ.

ಪತ್ರವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಸಹಿಯಲ್ಲಿ ಕಳಿಸಿ. ನೀವೊಬ್ಬರೇ ಸಹಿ ಹಾಕಿ ಮೈಮೇಲೆ ಎಳೆದುಕೊಳ್ಳಬೇಡಿ. ಹೀಗೆ ಬರೆಯಿರಿ:

‘ನಮ್ಮ ಶಾಲೆಯ ಹಿಂದಿನ ನಿಮ್ಮ ಟವರಿನ ಜನರೇಟರ್ ಹೊಗೆ ಮತ್ತು ಶಬ್ದ ಶಾಲೆಯ ಸಮಯದಲ್ಲಿ ತರಗತಿಗೆ ಬರುತ್ತಿದೆ. 15 ದಿನದ ದಾಖಲೆ ಮತ್ತು ಫೋಟೋ ಲಗತ್ತಿಸಿದ್ದೇವೆ. ಇದು ಸಿಎಸ್‌ಆರ್ ನೆರವು ಕೋರಿದ ಪತ್ರವಲ್ಲ, ನಿಮ್ಮ ವ್ಯವಹಾರದಿಂದ ಆಗುತ್ತಿರುವ ತೊಂದರೆಯ ಬಗ್ಗೆ ಸಮುದಾಯದ ದೂರು. ಇದಕ್ಕೆ ದೂರಿನ ಸಂಖ್ಯೆ ಕೊಡಿ. ಶಾಲೆಯ ಸಮಯದಲ್ಲಿ ಬ್ಯಾಟರಿ ಮೊದಲು ಬಳಕೆಯಾಗುವಂತೆ ಮಾಡಿ. ಬ್ಯಾಟರಿ ಪರೀಕ್ಷಿಸಿ ಫಲಿತಾಂಶ ತಿಳಿಸಿ. ಹೊಗೆ ಕೊಳವೆ ಎತ್ತರಿಸಿ ದಿಕ್ಕು ಬದಲಾಯಿಸಿ. ಪೆಟ್ಟಿಗೆಯ ಬಾಗಿಲು ಮುಚ್ಚಿಡಿ.’

ಸಮುದಾಯದ ದೂರು ಅನ್ನುವ ಆ ಪದವನ್ನು ಬಿಡಬೇಡಿ. ಅದಕ್ಕೆ ಕಾರಣ ಇದೆ. ಷೇರುಪೇಟೆಯಲ್ಲಿರುವ ದೊಡ್ಡ 1,000 ಕಂಪನಿಗಳು 2022–23ರಿಂದ ಬಿಆರ್‌ಎಸ್‌ಆರ್ ಅನ್ನುವ, ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ವರ್ಷಾ ವರ್ಷ ಕೊಡಲೇಬೇಕು ಅಂತ ಷೇರುಪೇಟೆ ನಿಯಂತ್ರಕ ಸೆಬಿ ಹೇಳಿದೆ. ಅದರಲ್ಲಿ ದೂರುಗಳ ಒಂದು ಪಟ್ಟಿ ಇದೆ. ಷೇರುದಾರರು, ನೌಕರರು, ಗ್ರಾಹಕರು ಅಂತ ಸಾಲುಗಳು. ಅದರಲ್ಲಿ ಒಂದು ಸಾಲು ಸಮುದಾಯದ್ದು: ವರ್ಷದಲ್ಲಿ ಎಷ್ಟು ದೂರು ಬಂತು, ಎಷ್ಟು ಬಾಕಿ ಇದೆ. ಫೋನಿನಲ್ಲಿ ಹೇಳಿದ್ದು, ಡೀಸೆಲ್ ಹಾಕೋ ಹುಡುಗನ ಹತ್ತಿರ ಕೂಗಾಡಿದ್ದು ಯಾವುದೂ ಆ ಸಾಲಿಗೆ ಹೋಗುವುದಿಲ್ಲ. ಬರೆದು ಕೊಟ್ಟು, ಸಂಖ್ಯೆ ಪಡೆದದ್ದನ್ನು ಅಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದೇ ವರದಿಯ ಪರಿಸರದ ಭಾಗದಲ್ಲಿ ಸ್ಕೋಪ್ 1, ಸ್ಕೋಪ್ 2 ಲೆಕ್ಕ, ಬ್ಯಾಟರಿ ತ್ಯಾಜ್ಯದ ಲೆಕ್ಕ ಎಲ್ಲ ಇರುತ್ತದೆ. ಕಂಪನಿಯ ವೆಬ್‌ಸೈಟಿನಲ್ಲೇ ಸಿಗುತ್ತದೆ, ಡೌನ್‌ಲೋಡ್ ಮಾಡಿ ಓದಿ. ಮುಂದಿನ ವರ್ಷದ ವರದಿಯಲ್ಲಿ ಸಮುದಾಯದ ಸಾಲಿನಲ್ಲಿ ಸೊನ್ನೆ ಕಂಡರೆ, ನಿಮ್ಮ ದೂರಿನ ಸಂಖ್ಯೆ ಹಾಕಿ ಕಂಪನಿಯ ಕಾರ್ಯದರ್ಶಿಗೆ ಒಂದು ಮೇಲ್ ಕಳಿಸಿ. ಇಡೀ ಕಂಪನಿಯಲ್ಲಿ ಆ ಮೇಲನ್ನು ಗಂಭೀರವಾಗಿ ಓದುವವರು ಅವರು. ಟವರ್ ಕಂಪನಿ ಷೇರುಪೇಟೆಯಲ್ಲಿ ಇಲ್ಲದಿದ್ದರೆ, ಅದೇ ಪತ್ರದ ಪ್ರತಿಯನ್ನು ಟವರಿನಲ್ಲಿ ಆಂಟೆನಾ ಇಟ್ಟ ಮೊಬೈಲ್ ಕಂಪನಿಗಳಿಗೆ ಕಳಿಸಿ. ಡೀಸೆಲ್ ಬಿಲ್ಲು ಕಟ್ಟುವವರು ಅವರೇ ಆಗಿದ್ದರೆ ಅವರಿಗೆ ನಿಮಗಿಂತ ಬೇಗ ಸಿಟ್ಟು ಬರುತ್ತದೆ.

ಪತ್ರದ ಪ್ರತಿ ಗ್ರಾಮ ಪಂಚಾಯಿತಿಗೆ ಇರಲಿ, ಪಿಡಿಒ ಅವರಿಂದ ಸ್ವೀಕೃತಿ ತಗೊಳ್ಳಿ. ಒಂದು ತಿಂಗಳಲ್ಲಿ ಏನೂ ಆಗದಿದ್ದರೆ ಮಂಡ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಹೋಗಿ. ಶಬ್ದ ಮಾಲಿನ್ಯ ನಿಯಮದಲ್ಲಿ, ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಇದ್ದರೆ ಯಾರು ಬೇಕಾದರೂ ದೂರು ಕೊಡಬಹುದು. ಆ ದೂರಿನ ಮೇಲೆ ಕ್ರಮ ತೆಗೆದುಕೊಳ್ಳುವ ಅಧಿಕಾರ ಜಿಲ್ಲಾಧಿಕಾರಿಗೂ ಇದೆ. ಇಷ್ಟು ದೂರ ಹೋಗಬೇಕಾಗಿ ಬರೋದು ಅಪರೂಪ. ಸೈಟ್ ಐಡಿ, ದಿನಾಂಕ, ಗಂಟೆ ಸಮೇತ ಬರೆದ ದೂರು ಕೈಗೆ ಬಂದರೆ ಕ್ಷೇತ್ರದ ಎಂಜಿನಿಯರ್‌ಗಳು ಸಾಮಾನ್ಯವಾಗಿ ಎದ್ದು ಬರುತ್ತಾರೆ. ಆ ಹುಡುಗರಲ್ಲಿ ಬಹುಪಾಲು ಒಳ್ಳೆಯವರು. ಮೇಲಿನವರಿಂದ ಬ್ಯಾಟರಿ ಮಂಜೂರು ಮಾಡಿಸೋಕೆ ಅವರಿಗೂ ಇಂಥ ಒಂದು ಕಾಗದ ಬೇಕಿರುತ್ತದೆ. ಬಂದಾಗ ನೀರು, ಮಜ್ಜಿಗೆ ಕೊಟ್ಟು ಮಾತಾಡಿಸಿ.

ಒಂದು ಎಚ್ಚರಿಕೆ. ಬ್ಯಾಟರಿ ಬದಲಾಯಿಸಿದ ದಿನ ಹಳೆಯದನ್ನು ಬೇಲಿ ಪಕ್ಕ ಇಟ್ಟು ಹೋಗಲು ಬಿಡಬೇಡಿ. 24 ಸೆಲ್ ತುಂಬಾ ಸೀಸ, ಆಸಿಡ್ ಇರುತ್ತದೆ. ಗುಜರಿಯವರು ಕೊಂಡು ಎಲ್ಲೋ ಒಡೆದರೆ ಆ ಮಣ್ಣು, ಆ ಬಾವಿ ಹಾಳು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅವು ನೋಂದಾಯಿತ ಮರುಬಳಕೆ ಘಟಕಕ್ಕೇ ಹೋಗಬೇಕು. ಯಾವ ಗಾಡಿಯಲ್ಲಿ, ಎಲ್ಲಿಗೆ ಹೋಯಿತು ಅಂತ ಕೇಳಿ, ಆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ.

15 ದಿನ ತುಂಬಿದ ಮೇಲೆ ಆ ನಾಲ್ಕು ಕಾಲಂನ ಪುಟಗಳ ಫೋಟೋ ತೆಗೆದು ನನಗೂ ಕಳಿಸಿ. ಬ್ಯಾಟರಿಯೋ, ವೋಲ್ಟೇಜೋ, ಎರಡೂ ಸೇರಿದೆಯೋ ನೋಡಿ ಹೇಳುತ್ತೇನೆ. ಪತ್ರ ಕಳಿಸೋದು ಅದಾದ ಮೇಲೆ ಇಟ್ಟುಕೊಳ್ಳಿ. ಕೊಳವೆ ತಿರುಗಿಸುವ ಮಾತು ಮಾತ್ರ ನಾಳೆಯೇ ಫೋನ್ ಮಾಡಿ ಹೇಳಿ.